ಎಕ್ಸಿಮಾ ಮತ್ತು ಥೈರಾಯ್ಡ್: ದೊಡ್ಡವರ ತುರಿಕೆಗೆ ಕಾರಣ ಹುಡುಕುವ ಬಗೆ

ನಲವತ್ತು ದಾಟಿದವರ ಮೈಮೇಲೆ ಎಕ್ಸಿಮಾ, ಅಂದರೆ ಇಸುಬು, ಕಾಣಿಸಿಕೊಂಡರೆ ಈಗ ಮನೆಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ‘ಒಮ್ಮೆ ಥೈರಾಯ್ಡ್ ಪರೀಕ್ಷೆ ಮಾಡಿಸಿಬಿಡು.’ ಮಾತು ತಪ್ಪಲ್ಲ. ಆದರೆ ಪರೀಕ್ಷೆಯ ವರದಿ ಕೈಗೆ ಬಂದ ಮೇಲೆ ಆಗುವ ಎಡವಟ್ಟುಗಳು ಬಹಳ. ಟಿಎಸ್‌ಎಚ್ (ಥೈರಾಯ್ಡನ್ನು ದುಡಿಸುವ ಹಾರ್ಮೋನ್; ಥೈರಾಯ್ಡ್ ಸೊರಗಿದರೆ ಇದು ಏರುತ್ತದೆ) ಸ್ವಲ್ಪ ಹೆಚ್ಚಿದೆ ಎಂದೊಡನೆ ಚರ್ಮದ ಔಷಧಿಯನ್ನು ಬದಿಗಿಟ್ಟು, ಥೈರಾಯ್ಡ್ ಮಾತ್ರೆಯೊಂದೇ ತುರಿಕೆಯನ್ನು ಓಡಿಸುತ್ತದೆಂದು ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಇನ್ನು ಕೆಲವರು ವರ್ಷಗಟ್ಟಲೆ ಮುಲಾಮಿನ ಟ್ಯೂಬು ಬದಲಿಸುತ್ತ ಹೋಗುತ್ತಾರೆ. ಒಳಗೆ ಥೈರಾಯ್ಡ್ ಸೊರಗಿರುವುದು ಯಾರಿಗೂ ಹೊಳೆಯುವುದಿಲ್ಲ. ಎರಡೂ ಬಗೆಯ ನಷ್ಟವನ್ನು ನೋಡಿ ನೋಡಿ ಬೇಸತ್ತು ಇದನ್ನು ಬರೆಯುತ್ತಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಎರಡು ಕಾಯಿಲೆಗಳಿಗೆ ನಂಟಿದೆ, ಆದರೂ ಒಂದರ ಔಷಧಿ ಇನ್ನೊಂದನ್ನು ವಾಸಿಮಾಡುವುದು ಅಪರೂಪ. ಎರಡನ್ನೂ ಒಟ್ಟಿಗೆ ಪರಿಶೀಲಿಸಬೇಕು, ಬೇರೆ ಬೇರೆಯಾಗಿ ಚಿಕಿತ್ಸೆ ಕೊಡಬೇಕು. ಔಷಧಿಯ ಆಯ್ಕೆ ಮತ್ತು ಪ್ರಮಾಣ ಮಾತ್ರ ನಿಮ್ಮ ವೈದ್ಯರಿಗೆ ಬಿಟ್ಟ ವಿಷಯ.

ನಂಟು ಎಲ್ಲಿದೆ, ಎಷ್ಟಿದೆ

ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಾಗ ಚರ್ಮದ ಜಿಡ್ಡು ಮತ್ತು ಬೆವರು ಎರಡೂ ತಗ್ಗುತ್ತವೆ. ಚರ್ಮಕ್ಕೆ ಹರಿಯುವ ರಕ್ತವೂ ಕಡಿಮೆಯಾಗುತ್ತದೆ. ಮೈ ತಣ್ಣಗೆ, ಒರಟಾಗಿ, ಬಿಳಿಚಿಕೊಂಡಂತೆ ಕಾಣುತ್ತದೆ. ಚರ್ಮದ ಮೇಲ್ಪದರ ಒಣಗಿ ಬಿರಿದಾಗ ಒಳಗಿನ ನೀರು ಹೊರಗೆ ಹೋಗುತ್ತದೆ, ಹೊರಗಿನ ಸೋಪು, ಧೂಳು, ಸೂಕ್ಷ್ಮಜೀವಿಗಳು ಒಳಗೆ ನುಗ್ಗುತ್ತವೆ. ಹುಟ್ಟಿನಿಂದಲೇ ಎಕ್ಸಿಮಾದ ಒಲವಿರುವವರಲ್ಲಿ ಈ ಮೇಲ್ಪದರ ಮೊದಲೇ ದುರ್ಬಲ. ಫಿಲಾಗ್ರಿನ್ ಎಂಬ ಪ್ರೋಟೀನಿನ ಕೊರತೆ ಅದಕ್ಕೊಂದು ಮುಖ್ಯ ಕಾರಣ. ಅಂಥವರಿಗೆ ಥೈರಾಯ್ಡ್ ಕೂಡ ಕೈಕೊಟ್ಟರೆ ಮರೆತೇಹೋಗಿದ್ದ ಇಸುಬು ಮತ್ತೆ ಮೇಲೇಳಬಹುದು. ನಂಟಿನ ಎಳೆಗಳಲ್ಲಿ ಇದೇ ಅತ್ಯಂತ ಸ್ಪಷ್ಟವಾದದ್ದು, ಚಿಕಿತ್ಸೆಗೆ ಬಗ್ಗುವಂಥದ್ದೂ ಇದೇ.

ಎರಡನೆಯ ಎಳೆ ರೋಗನಿರೋಧಕ ವ್ಯವಸ್ಥೆಯದು. ಅಯೋಡಿನ್ ಉಪ್ಪು ಬಳಕೆಯಲ್ಲಿರುವ ಕಡೆ ದೊಡ್ಡವರ ಥೈರಾಯ್ಡ್ ಕುಂದಲು ಹೆಚ್ಚಾಗಿ ಹಾಶಿಮೋಟೊ ಕಾಯಿಲೆ ಕಾರಣ. ಇದರಲ್ಲಿ ದೇಹದ ರಕ್ಷಣಾ ಪಡೆಯೇ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿ ಬೀಳುತ್ತದೆ. ಅತಿಯಾಗಿ ಹಾರ್ಮೋನ್ ಸುರಿಸುವ ಗ್ರೇವ್ಸ್ ಕಾಯಿಲೆಯೂ ಇದೇ ಜಾತಿಯದು. ಎಕ್ಸಿಮಾದಲ್ಲೂ ರಕ್ಷಣಾ ವ್ಯವಸ್ಥೆ ಅತಿಯಾಗಿ ಕೆರಳುತ್ತದೆ, ಆದರೆ ಅದು ಕೆರಳುವ ದಾರಿ ಬೇರೆ. ದೊಡ್ಡ ಜನಸಮೂಹಗಳನ್ನು ಪರಿಶೀಲಿಸಿದ ಅಧ್ಯಯನಗಳಲ್ಲಿ ಎಕ್ಸಿಮಾ ಇರುವವರಿಗೆ ಇಂಥ ‘ಆಟೋಇಮ್ಯೂನ್’ ಕಾಯಿಲೆಗಳು ತುಸು ಹೆಚ್ಚಾಗಿ ಕಂಡಿವೆ. ಥೈರಾಯ್ಡ್‌ಗೆ ಸೀಮಿತವಾಗಿ ನೋಡಿದರೆ ಫಲಿತಾಂಶಗಳು ಒಂದೇ ದಿಕ್ಕಿನಲ್ಲಿಲ್ಲ. ಎಕ್ಸಿಮಾಕ್ಕಿಂತ ತೊನ್ನು, ಕೂದಲು ದುಂಡಗೆ ಉದುರುವ ಅಲೋಪೇಶಿಯಾ ಏರಿಯಾಟಾ, ಆರು ವಾರ ಮೀರಿ ಕಾಡುವ ಪಿತ್ತದ ಗಂಧೆ, ಈ ಮೂರಕ್ಕೆ ಥೈರಾಯ್ಡ್ ಜೊತೆಗಿನ ನಂಟು ಹೆಚ್ಚು ಗಟ್ಟಿ. ಇವುಗಳಲ್ಲಿ ಯಾವುದಾದರೂ ನಿಮಗಿದ್ದರೆ ಥೈರಾಯ್ಡ್ ಪರೀಕ್ಷೆಯನ್ನು ಮುಂದೂಡಬೇಡಿ.

ಮೂರನೆಯದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ: ಕಾಕತಾಳೀಯ. ಬೆಂಗಳೂರೂ ಸೇರಿದಂತೆ ಭಾರತದ ಎಂಟು ನಗರಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇ 11 ಮಂದಿಗೆ ಥೈರಾಯ್ಡ್ ಕೊರತೆ ಇತ್ತು. ಅಂದರೆ ಎಕ್ಸಿಮಾದ ಮಾತೇ ಇಲ್ಲದೆ ನಗರದ ನೂರು ವಯಸ್ಕರನ್ನು ನೋಡಿದರೂ, ಮೊದಲೇ ಗೊತ್ತಿದ್ದವರೂ ಸೇರಿ, ಹತ್ತು ಹನ್ನೊಂದು ಮಂದಿಗೆ ಥೈರಾಯ್ಡ್ ಕೊರತೆ ಸಿಕ್ಕೀತು. ಹೀಗಿರುವಾಗ ಎಕ್ಸಿಮಾ ಇರುವವರಲ್ಲಿ ಥೈರಾಯ್ಡ್ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಅದೇ ಮೂಲವೆಂದು ತೀರ್ಮಾನಿಸಲಾಗದು.

ಮೊದಲ ಹೆಜ್ಜೆ: ಬೆಳಕಿನಲ್ಲಿ ನಿಂತು ಚರ್ಮ ನೋಡಿಕೊಳ್ಳಿ

ರಕ್ತ ಪರೀಕ್ಷೆಗೆ ಹೊರಡುವ ಮುನ್ನ ಹಗಲು ಬೆಳಕಿನಲ್ಲಿ, ಕನ್ನಡಿಯ ಮುಂದೆ, ಮನೆಯವರ ನೆರವಿನಿಂದ ಮೈಯನ್ನೆಲ್ಲ ಒಮ್ಮೆ ನೋಡಿ. ಕಜ್ಜಿ ಎಲ್ಲಿದೆ ಎಂಬುದೇ ಅರ್ಧ ಉತ್ತರ.

ಮೊಣಕೈ ಮತ್ತು ಮೊಣಕಾಲಿನ ಮಡಿಕೆ, ಕತ್ತು, ಕಣ್ಣುರೆಪ್ಪೆ, ಕೈಗಳಲ್ಲಿ ಚರ್ಮ ದಪ್ಪಗಾಗಿ ಕಪ್ಪಿಟ್ಟಿದ್ದು, ಚಿಕ್ಕಂದಿನಿಂದ ಉಬ್ಬಸ, ಸೀನು ಅಥವಾ ಇಸುಬಿನ ಚರಿತ್ರೆಯಿದ್ದರೆ ಅದು ಅಟೋಪಿಕ್ ಎಕ್ಸಿಮಾ ಇರುವ ಸಾಧ್ಯತೆ ಹೆಚ್ಚು. ನಮ್ಮ ಮೈಬಣ್ಣದಲ್ಲಿ ಇದು ಪುಸ್ತಕದ ಚಿತ್ರಗಳಂತೆ ಕೆಂಪಗೆ ಕಾಣುವುದಿಲ್ಲ. ಕಂದು, ನೇರಳೆ ಇಲ್ಲವೇ ಬೂದು ಛಾಯೆ ಇರುತ್ತದೆ. ‘ಕೆಂಪಗಿಲ್ಲವಲ್ಲ’ ಎಂದು ಉಪೇಕ್ಷಿಸಬೇಡಿ.

ಥೈರಾಯ್ಡ್ ಕೊರತೆಯ ಗುರುತನ್ನು ಹುಡುಕಬೇಕಾದ ಜಾಗ ಕಣಕಾಲಿನ ಮುಂಭಾಗ. ಅಲ್ಲಿ ಚರ್ಮ ಒಣಗಿ, ತೆಳುವಾದ ಹೊಪ್ಪಳೆಗಳೆದ್ದು, ಬೇಸಿಗೆಯಲ್ಲಿ ಬತ್ತಿದ ಕೆರೆಯ ತಳದಂತೆ ಸಣ್ಣ ಸಣ್ಣ ಬಿರುಕುಗಳ ಬಲೆ ಮೂಡಿರುತ್ತದೆ. ಬಿರುಕಿನ ಅಂಚು ಕೆಂಪಾಗಿ ಉರಿಯುತ್ತದೆ. ವೈದ್ಯರು ಇದನ್ನು ಆಸ್ಟಿಯಾಟೋಟಿಕ್ ಎಕ್ಸಿಮಾ ಎನ್ನುತ್ತಾರೆ. ಮಾಗಿಯ ಚಳಿಯಲ್ಲಿ, ಬಿಸಿನೀರು ಜಾಸ್ತಿ ಹೊಯ್ದುಕೊಳ್ಳುವ ಹಿರಿಯರಲ್ಲಿ ಇದು ಸಾಮಾನ್ಯ. ಆದರೆ ಚಳಿಗಾಲ ಕಳೆದರೂ ಹೋಗದಿದ್ದರೆ, ಎಣ್ಣೆ ಹಚ್ಚಿದರೂ ಎರಡೇ ಗಂಟೆಯಲ್ಲಿ ಮತ್ತೆ ಒಣಗಿದರೆ, ಕಾಲು ಬಿಟ್ಟು ಹೊಟ್ಟೆ ಬೆನ್ನಿಗೂ ಹರಡಿದರೆ ಥೈರಾಯ್ಡ್ ಪರೀಕ್ಷೆ ಮಾಡಿಸುವುದು ನ್ಯಾಯ. ಜೊತೆಗೆ ಹುಬ್ಬಿನ ಹೊರ ತುದಿಯ ಕೂದಲು ಉದುರಿದೆಯೇ, ಅಂಗೈ ಹಳದಿಗಟ್ಟಿದೆಯೇ, ಬೆಳಿಗ್ಗೆ ಕಣ್ಣಿನ ಸುತ್ತ ಊದಿಕೊಳ್ಳುತ್ತದೆಯೇ ಎಂದೂ ನೋಡಿ.

ಥೈರಾಯ್ಡ್ ಅತಿಯಾಗಿ ದುಡಿಯುವವರ ಚರ್ಮ ಇದಕ್ಕೆ ತದ್ವಿರುದ್ಧ: ಬೆಚ್ಚಗೆ, ನುಣ್ಣಗೆ, ಸದಾ ಬೆವರಿನಿಂದ ಒದ್ದೆ. ದದ್ದೇ ಇಲ್ಲದೆ ಮೈಯೆಲ್ಲ ನವೆ ಬರುವುದು ಇವರಲ್ಲಿ ಉಂಟು. ಬೆವರು ಮತ್ತು ಶಾಖದಿಂದ ಹಳೆಯ ಎಕ್ಸಿಮಾ ಇನ್ನಷ್ಟು ಕೆರಳುತ್ತದೆ.

ಇನ್ನು, ಎಕ್ಸಿಮಾ ಎಂದುಕೊಂಡದ್ದು ಬೇರೆಯೇ ಆಗಿರುವ ಸಂಗತಿಗಳು. ಕರ್ನಾಟಕದಲ್ಲಿ, ಅದರಲ್ಲೂ ಹೊಲ, ಖಾಲಿ ನಿವೇಶನ, ರೈಲು ಹಳಿಯ ಬದಿ ಓಡಾಡುವ ದೊಡ್ಡವರ ಮುಖ, ಕಣ್ಣುರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ಹೊಸದಾಗಿ ತುರಿಕೆ ಶುರುವಾದರೆ ನಾನು ಥೈರಾಯ್ಡ್‌ಗಿಂತ ಮೊದಲು ಶಂಕಿಸುವುದು ಪಾರ್ಥೇನಿಯಂ ಗಿಡವನ್ನು. ಕಾಂಗ್ರೆಸ್ ಗಿಡ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಒಣಗಿದ ಗಿಡದ ಪುಡಿ ಮತ್ತು ಪರಾಗ ಗಾಳಿಯಲ್ಲಿ ತೇಲಿ ಬಂದು ತೆರೆದ ಮೈಗೆ ತಾಗಿ ಉಂಟಾಗುವ ಈ ಅಲರ್ಜಿ ನೋಡಲು ಅಟೋಪಿಕ್ ಎಕ್ಸಿಮಾದಂತೆಯೇ ಇರುತ್ತದೆ. ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆಯ ಬಳಿಕ ಒಮ್ಮೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುವ ಪ್ಯಾಚ್ ಟೆಸ್ಟ್‌ನಿಂದ ಇದು ಗೊತ್ತಾಗುತ್ತದೆ. ಸಿಮೆಂಟ್ ಕೆಲಸದವರ ಕೈ, ಹೇರ್ ಡೈ ಹಚ್ಚುವವರ ನೆತ್ತಿ ಮತ್ತು ಕಿವಿ, ಗಿಲೀಟು ಒಡವೆ ತೊಡುವವರ ಕತ್ತು, ದಿನವೂ ಬೆಳ್ಳುಳ್ಳಿ ಸುಲಿಯುವವರ ಬೆರಳ ತುದಿ, ಇವೂ ಸಂಪರ್ಕ ಅಲರ್ಜಿಯ ಜಾಗಗಳೇ. ದುಂಡಗೆ ಹರಡುತ್ತ ಅಂಚು ಮಾತ್ರ ಉಬ್ಬಿರುವ ಕಲೆ ಹುಳುಕಡ್ಡಿ ಇರಬಹುದು. ರಾತ್ರಿ ಮಾತ್ರ ವಿಪರೀತ ತುರಿಸಿ ಮನೆಮಂದಿಗೆಲ್ಲ ಹಬ್ಬಿದರೆ ಅದು ಹುಳದಿಂದ ಬರುವ ಕಜ್ಜಿ.

ಐವತ್ತರ ಮೇಲೆ ಮೊದಲ ಬಾರಿಗೆ ಬಂದ ‘ಎಕ್ಸಿಮಾ’ ಸರಿಯಾದ ಚಿಕಿತ್ಸೆಗೂ ಜಗ್ಗದಿದ್ದರೆ ಚರ್ಮವೈದ್ಯರು ಸಣ್ಣ ಚೂರು ತೆಗೆದು ಬಯಾಪ್ಸಿ ಮಾಡೋಣ ಎನ್ನಬಹುದು. ಅಪರೂಪಕ್ಕೆ ಚರ್ಮದ ಲಿಂಫೋಮಾ ಎಂಬ ಕ್ಯಾನ್ಸರ್ ಈ ವೇಷದಲ್ಲಿ ಬರುತ್ತದೆ. ಬೇಡವೆನ್ನಬೇಡಿ.

ಎರಡನೆಯ ಹೆಜ್ಜೆ: ಪರೀಕ್ಷೆ ಯಾರಿಗೆ ಬೇಕು

ಎಕ್ಸಿಮಾ ಇರುವ ಪ್ರತಿಯೊಬ್ಬರೂ ಥೈರಾಯ್ಡ್ ಪರೀಕ್ಷೆಗೆ ಓಡಬೇಕಿಲ್ಲ. ಚಿಕ್ಕಂದಿನಿಂದ ಒಂದೇ ರೀತಿ ಬಂದು ಹೋಗುವ ಇಸುಬಿದ್ದು ಬೇರೆ ತೊಂದರೆಯಿಲ್ಲದವರಿಗೆ ಅದರಿಂದ ಸಿಗುವ ಲಾಭ ಕಡಿಮೆ. ಆದರೆ ಕೆಳಗಿನವುಗಳಲ್ಲಿ ಎರಡು ಮೂರು ನಿಮಗೂ ಹೊಂದಿದರೆ ಮಾಡಿಸಿ:

- ನಿದ್ದೆ ಮಾಡಿದರೂ ಹೋಗದ ದಣಿವು, ಊಟ ಹೆಚ್ಚಿಸದೆ ಏರಿದ ತೂಕ, ಮಲಬದ್ಧತೆ
- ಉಳಿದವರು ಫ್ಯಾನ್ ಹಾಕಿಕೊಂಡಾಗ ನಿಮಗೆ ಮಾತ್ರ ಚಳಿ
- ಮುಟ್ಟಿನ ಸ್ರಾವ ಹೆಚ್ಚಾಗಿರುವುದು ಅಥವಾ ಕ್ರಮ ತಪ್ಪಿರುವುದು
- ದನಿ ಒರಟಾಗಿರುವುದು, ಕತ್ತಿನ ಮುಂಭಾಗದಲ್ಲಿ ಊತ
- ಇದಕ್ಕೆ ವಿರುದ್ಧವಾಗಿ ಎದೆಬಡಿತ, ಕೈನಡುಕ, ತೂಕ ಇಳಿಕೆ, ತಡೆಯಲಾಗದ ಸೆಖೆ
- ತಾಯಿ, ಅಕ್ಕತಂಗಿ ಅಥವಾ ಮಕ್ಕಳಿಗೆ ಥೈರಾಯ್ಡ್ ಇರುವುದು

ಬಾಣಂತಿಯರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಹೆರಿಗೆಯಾದ ಒಂದು ವರ್ಷದೊಳಗೆ ಥೈರಾಯ್ಡ್ ಉರಿಯೂತ ಬರುವುದುಂಟು. ಮೊದಲು ಹಾರ್ಮೋನ್ ಹೆಚ್ಚಾಗಿ, ಆಮೇಲೆ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಮಗುವಿನ ಬಟ್ಟೆ, ಬಾಟಲಿ ತೊಳೆದು ತೊಳೆದು ಕೈಗಳ ಎಕ್ಸಿಮಾ ಉಲ್ಬಣಿಸುತ್ತದೆ. ದಣಿವು, ಕೂದಲು ಉದುರುವಿಕೆ, ಮಂಕು ಎಲ್ಲವನ್ನೂ ‘ಬಾಣಂತನದಲ್ಲಿ ಇದ್ದದ್ದೇ’ ಎಂದು ಮನೆಯವರು ತಳ್ಳಿಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಟಿಎಸ್‌ಎಚ್ ಪರೀಕ್ಷೆಗೆ ದೊಡ್ಡ ಖರ್ಚಾಗುವುದಿಲ್ಲ.

ಮೂರನೆಯ ಹೆಜ್ಜೆ: ರಕ್ತ ಕೊಡುವ ಮುನ್ನ ಮಾತ್ರೆಗಳ ಪಟ್ಟಿ ಮಾಡಿ

ಈ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಎಕ್ಸಿಮಾ ಇರುವವರ ಮಟ್ಟಿಗೆ ಇದೇ ಅತಿ ಮುಖ್ಯವೆಂದು ನನ್ನ ಭಾವನೆ.

ಚರ್ಮ ಒಣಗಿ ಕೂದಲು ಉದುರುತ್ತಿರುವವರು ಮೊದಲು ಮಾಡುವ ಕೆಲಸ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುವುದು. ದೇಹಕ್ಕೆ ದಿನಕ್ಕೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ. ‘ಕೂದಲು, ಚರ್ಮ, ಉಗುರಿಗೆ’ ಎಂದು ಮಾರುವ ಅನೇಕ ಮಾತ್ರೆಗಳಲ್ಲಿ 10 ಮಿಲಿಗ್ರಾಂ, ಅಂದರೆ ಅದರ ಮುನ್ನೂರು ಪಟ್ಟಿಗೂ ಹೆಚ್ಚು ಇರುತ್ತದೆ. ಬಹಳಷ್ಟು ಪ್ರಯೋಗಾಲಯಗಳ ಥೈರಾಯ್ಡ್ ಪರೀಕ್ಷೆ ಬಯೋಟಿನ್ ಅಂಟುವ ರಾಸಾಯನಿಕ ವಿಧಾನದ ಮೇಲೆ ನಿಂತಿದೆ. ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಯಂತ್ರ ಮೋಸಹೋಗಿ ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆ, ಥೈರಾಯ್ಡ್ ಸುರಿಸುವ ಹಾರ್ಮೋನ್‌ಗಳಾದ ಟಿ3 ಮತ್ತು ಟಿ4 ಅನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ನನ್ನ ಅತ್ತಿಗೆಗೆ ಆದದ್ದು ಇದೇ. ಮೈ ಭಾರ, ಚಳಿ, ಕಣಕಾಲು ಬಿರಿದು ರಕ್ತ ಜಿನುಗುತ್ತಿತ್ತು. ವರದಿ ಮಾತ್ರ ಥೈರಾಯ್ಡ್ ಅತಿಯಾಗಿದೆ ಎನ್ನುತ್ತಿತ್ತು. ವೈದ್ಯೆ ವರದಿಯನ್ನೂ ಅತ್ತಿಗೆಯ ಮುಖವನ್ನೂ ಎರಡು ಸಲ ನೋಡಿ, ‘ನೀವು ಇನ್ನೇನು ಮಾತ್ರೆ ತೆಗೆದುಕೊಳ್ಳುತ್ತೀರಿ ಅಮ್ಮಾ?’ ಎಂದು ಕೇಳಿದರು. ‘ಬೇರೇನೂ ಇಲ್ಲ ಡಾಕ್ಟ್ರೇ, ಕೂದಲಿಗೊಂದು ವಿಟಮಿನ್ ಅಷ್ಟೇ’ ಎಂದು ಅತ್ತಿಗೆ ಹೇಳಿದಾಗ ಗುಟ್ಟು ಬಯಲಾಯಿತು. ವಿಟಮಿನ್ ನಿಲ್ಲಿಸಿ ಮತ್ತೆ ಪರೀಕ್ಷಿಸಿದಾಗ ಟಿಎಸ್‌ಎಚ್ ಮೇಲಿತ್ತು, ಟಿ4 ಕೆಳಗಿತ್ತು. ಹಾಗಾಗಿ ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ಬಯೋಟಿನ್ ನಿಲ್ಲಿಸಿ. ಹೆಚ್ಚಿನ ಪ್ರಮಾಣ ತೆಗೆದುಕೊಳ್ಳುವವರು ಇನ್ನೂ ಮೊದಲು ನಿಲ್ಲಿಸಬೇಕಾದೀತು, ಪ್ರಯೋಗಾಲಯದವರಿಗೂ ತಿಳಿಸಿ.

ಎರಡನೆಯದು ಸ್ಟೀರಾಯ್ಡ್. ತುರಿಕೆಗೆಂದು ನುಂಗುವ ಪ್ರೆಡ್ನಿಸೊಲೋನ್‌ನಂಥ ಮಾತ್ರೆ ಹೆಚ್ಚಿನ ಪ್ರಮಾಣದಲ್ಲಿದ್ದರೆ ಟಿಎಸ್‌ಎಚ್ ಅನ್ನು ತಗ್ಗಿಸುತ್ತದೆ. ‘ಇಸುಬಿಗೆ ರಾಮಬಾಣ’ ಎಂದು ಹೆಸರಿಲ್ಲದ ಪೊಟ್ಟಣದಲ್ಲಿ ಸಿಗುವ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದೂ ಹೊಸದಲ್ಲ. ಇದರಲ್ಲಿ ಇನ್ನೂ ದೊಡ್ಡ ಅಪಾಯವೊಂದಿದೆ. ಬಹುಕಾಲ ಸ್ಟೀರಾಯ್ಡ್ ಬಳಸಿದರೆ, ಪ್ರಬಲ ಮುಲಾಮನ್ನು ಮೈತುಂಬ ತಿಂಗಳುಗಟ್ಟಲೆ ಬಳಿದರೂ ಸಹ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಕೆಲಸ ಮರೆತಿರಬಹುದು. ಆಗಲೂ ಲಕ್ಷಣ ದಣಿವೇ. ಅದನ್ನು ಗಮನಿಸದೆ ಥೈರಾಯ್ಡ್ ಮಾತ್ರೆ ಶುರುಮಾಡಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು. ನುಂಗಿದ್ದು, ಹಚ್ಚಿದ್ದು, ನಾಟಿ ಔಷಧಿ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ವೈದ್ಯರಿಗೆ ಹೇಳಿ. ಖಾಲಿ ಟ್ಯೂಬನ್ನೇ ತೆಗೆದುಕೊಂಡು ಹೋಗಿ ತೋರಿಸಿದರೆ ಇನ್ನೂ ಒಳ್ಳೆಯದು. ಆದರೆ ಬಹುದಿನದಿಂದ ನುಂಗುತ್ತಿರುವ ಸ್ಟೀರಾಯ್ಡನ್ನು ಪರೀಕ್ಷೆಗಾಗಿ ನೀವಾಗಿಯೇ ನಿಲ್ಲಿಸಬೇಡಿ.

ಪರೀಕ್ಷೆಯನ್ನು ಪ್ರತಿಬಾರಿ ಒಂದೇ ಪ್ರಯೋಗಾಲಯದಲ್ಲಿ, ಬೆಳಗಿನ ಒಂದೇ ಹೊತ್ತಿನಲ್ಲಿ ಮಾಡಿಸಿ. ಟಿಎಸ್‌ಎಚ್ ದಿನದೊಳಗೇ ಏರಿಳಿಯುತ್ತದೆ. ಜ್ವರ ಬಂದು ಮಲಗಿದ್ದ ವಾರ ಬೇಡ.

ನಾಲ್ಕನೆಯ ಹೆಜ್ಜೆ: ವರದಿಯನ್ನು ಗಾಬರಿಯಿಲ್ಲದೆ ಓದಿ

ಬಹುತೇಕ ಪ್ರಯೋಗಾಲಯಗಳಲ್ಲಿ ಟಿಎಸ್‌ಎಚ್‌ನ ಸಹಜ ಮಿತಿ ಸುಮಾರು 0.4ರಿಂದ 4. ನಿಮ್ಮ ವರದಿಯಲ್ಲಿ ಮುದ್ರಿಸಿರುವ ಮಿತಿಯೇ ನಿಮಗೆ ಪ್ರಮಾಣ. ಗರ್ಭಿಣಿಯರಿಗೆ ಮಿತಿ ಬೇರೆ.

ಟಿಎಸ್‌ಎಚ್ ಹೆಚ್ಚಿದ್ದು ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಟಿ4) ಕಡಿಮೆಯಿದ್ದರೆ ಅದು ನಿಜವಾದ ಕೊರತೆ. ಚಿಕಿತ್ಸೆ ಬೇಕೇ ಬೇಕು, ಎಕ್ಸಿಮಾ ಇರಲಿ ಬಿಡಲಿ.

ಟಿಎಸ್‌ಎಚ್ ತುಸು ಹೆಚ್ಚು, ಅಂದರೆ 5, 6, 7ರ ಆಸುಪಾಸಿನಲ್ಲಿದ್ದು ಟಿ4 ಸರಿಯಾಗಿದ್ದರೆ ಅಲ್ಲೇ ಗೊಂದಲ ಹುಟ್ಟುವುದು. ಇದನ್ನು ಸಬ್‌ಕ್ಲಿನಿಕಲ್ ಎನ್ನುತ್ತಾರೆ. ಎರಡು ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷಿಸಿದಾಗ ಎಷ್ಟೋ ಮಂದಿಗೆ ತಾನಾಗಿ ಸರಿಹೋಗಿರುತ್ತದೆ. ಇಷ್ಟು ಸಣ್ಣ ಏರಿಕೆಯಿಂದ ಮೈತುಂಬ ಎಕ್ಸಿಮಾ ಬಂತೆಂದು ನಂಬುವುದು ಕಷ್ಟ, ತುರಿಕೆಯೊಂದನ್ನೇ ನೆಪಮಾಡಿ ಜೀವನಪರ್ಯಂತದ ಮಾತ್ರೆ ಆರಂಭಿಸುವುದನ್ನು ನಾನು ಒಪ್ಪುವುದಿಲ್ಲ. ಟಿಎಸ್‌ಎಚ್ 10 ದಾಟಿದ್ದರೆ, ಗರ್ಭಧಾರಣೆಯ ಯೋಚನೆಯಿದ್ದರೆ ಮಾತು ಬೇರೆ. ಅದನ್ನು ವೈದ್ಯರೊಡನೆ ಕೂತು ನಿರ್ಧರಿಸಿ.

ಆ್ಯಂಟಿ ಟಿಪಿಒ ಎಂಬ ಪ್ರತಿಕಾಯ ಪತ್ತೆಯಾದರೆ ಥೈರಾಯ್ಡ್ ಮೇಲೆ ದೇಹದ್ದೇ ದಾಳಿ ನಡೆದಿದೆ ಎಂದರ್ಥ. ಮೇಲೆ ಹೇಳಿದ ಎಂಟು ನಗರಗಳ ಅಧ್ಯಯನದಲ್ಲಿ ಐವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿಗೆ ಇದು ಇತ್ತು, ಹಾಗಾಗಿ ಕಂಡೊಡನೆ ಕಂಗಾಲಾಗಬೇಡಿ. ಇಂಗ್ಲೆಂಡಿನ ವಿಕ್‌ಹ್ಯಾಮ್‌ನಲ್ಲಿ ಇಪ್ಪತ್ತು ವರ್ಷ ಹಿಂಬಾಲಿಸಿದ ಹೆಸರಾಂತ ಅಧ್ಯಯನದ ಪ್ರಕಾರ, ಟಿಎಸ್‌ಎಚ್ ಏರಿಕೆ ಮತ್ತು ಪ್ರತಿಕಾಯ ಎರಡೂ ಇದ್ದ ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು ಶೇ 4 ಮಂದಿ ಪೂರ್ಣ ಕೊರತೆಗೆ ಜಾರಿದರು. ಪ್ರತಿಕಾಯ ಇದ್ದವರು ವರ್ಷಕ್ಕೊಮ್ಮೆ ಟಿಎಸ್‌ಎಚ್ ನೋಡಿಸಿಕೊಂಡರೆ ಸಾಕು. ಪ್ರತಿಕಾಯದ ಅಂಕಿಯನ್ನು ಇಳಿಸುತ್ತೇವೆಂದು ಮಾರುವ ಪುಡಿ, ಕಷಾಯಗಳಿಗೆ ಹಣ ಸುರಿಯಬೇಡಿ.

ಐದನೆಯ ಹೆಜ್ಜೆ: ಥೈರಾಯ್ಡ್ ಮಾತ್ರೆಯನ್ನು ಮೈಗೆ ಹತ್ತುವಂತೆ ನುಂಗಿ

ಲೆವೊಥೈರಾಕ್ಸಿನ್ ಬರೆದುಕೊಟ್ಟರೆ ಬೆಳಿಗ್ಗೆ ಎದ್ದೊಡನೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ. ಅರ್ಧದಿಂದ ಒಂದು ಗಂಟೆ ಕಾಫಿ ಬೇಡ. ಹಬೆಯಾಡುವ ಫಿಲ್ಟರ್ ಕಾಫಿಯ ಜೊತೆಗೇ ಮಾತ್ರೆ ನುಂಗುವ ಅಭ್ಯಾಸ ನಮ್ಮಲ್ಲಿ ಎಷ್ಟು ಮನೆಗಳಲ್ಲಿದೆಯೋ ಲೆಕ್ಕವಿಲ್ಲ. ಕಾಫಿ ಮಾತ್ರೆಯ ಹೀರುವಿಕೆಯನ್ನು ತಗ್ಗಿಸುತ್ತದೆ. ಹಾಲು, ರಾಗಿ ಅಂಬಲಿಯೂ ಆಮೇಲೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಕೊಡಿ. ಬೆಳಿಗ್ಗೆ ಆಗದವರು ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ ನುಂಗಬಹುದು, ದಿನವೂ ಒಂದೇ ಕ್ರಮವಿರಲಿ.

ಪ್ರಮಾಣ ಸರಿಯಿದೆಯೇ ಎಂದು ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ಪರೀಕ್ಷೆ ಮಾಡುತ್ತಾರೆ. ಅದಕ್ಕೂ ಮೊದಲು ನೋಡಿ ಪ್ರಯೋಜನವಿಲ್ಲ. ಚರ್ಮದ ಒಣಕಲುತನ ಇಳಿಯಲು ಎರಡು ಮೂರು ತಿಂಗಳು ಹಿಡಿಯಬಹುದು, ಕೂದಲಿಗೆ ಇನ್ನೂ ಹೆಚ್ಚು. ಕಣಕಾಲಿನ ಬಿರುಕು ಕಡಿಮೆಯಾಗಿ ಮೊಣಕೈ ಮಡಿಕೆಯ ಇಸುಬು ಹಾಗೇ ಉಳಿದರೆ ಆಶ್ಚರ್ಯಪಡಬೇಡಿ: ಮೊದಲನೆಯದು ಥೈರಾಯ್ಡ್‌ನದು, ಎರಡನೆಯದು ನಿಮ್ಮ ಚರ್ಮದ್ದೇ ಸ್ವಭಾವ. ತುರಿಕೆ ಹೋಗಲಿಲ್ಲವೆಂದು ಮಾತ್ರೆಯನ್ನು ನೀವೇ ಹೆಚ್ಚಿಸಿಕೊಂಡರೆ ಎದೆಬಡಿತ, ಮೂಳೆ ಸವೆತ ಜೊತೆಗೂಡುತ್ತವೆ.

ಥೈರಾಯ್ಡ್ ಹೆಚ್ಚಾಗಿ ಕಾರ್ಬಿಮಜೋಲ್ ತೆಗೆದುಕೊಳ್ಳುವವರು ಇನ್ನೊಂದು ಗಮನಿಸಬೇಕು. ಆ ಔಷಧಿಯೇ ತುರಿಸುವ ದದ್ದು ತರಬಲ್ಲದು. ಹೊಸ ದದ್ದು ಔಷಧಿ ಶುರುವಾದ ಮೊದಲ ವಾರಗಳಲ್ಲಿ ಬಂದಿದ್ದರೆ ಹಳೆಯ ಎಕ್ಸಿಮಾ ಎಂದು ಸುಮ್ಮನಾಗದೆ ತಿಳಿಸಿ.

ಆರನೆಯ ಹೆಜ್ಜೆ: ಚರ್ಮದ ಆರೈಕೆಯನ್ನು ಇವತ್ತೇ ಶುರುಮಾಡಿ

ಇದಕ್ಕೆ ಯಾವ ವರದಿಯನ್ನೂ ಕಾಯಬೇಕಿಲ್ಲ. ಹಂಡೆಯ ಕುದಿನೀರನ್ನು ತುರಿಸುವ ಕಾಲಿನ ಮೇಲೆ ಹೊಯ್ದುಕೊಂಡಾಗ ಸಿಗುವ ಹಿತ ನನಗೂ ಗೊತ್ತು. ಆದರೆ ಆ ಹಿತ ಹತ್ತು ನಿಮಿಷದ್ದು, ಅದು ತೊಳೆದುಕೊಂಡು ಹೋಗುವ ಜಿಡ್ಡನ್ನು ಸೊರಗಿದ ಥೈರಾಯ್ಡ್ ಮತ್ತೆ ತುಂಬಿಕೊಡಲಾರದು. ಉಗುರುಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷದ ಸ್ನಾನ ಸಾಕು. ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ ಇರಲಿ. ಕಡಲೆಹಿಟ್ಟು, ಸೀಗೆಪುಡಿಯಿಂದ ಮೈ ಉಜ್ಜುವುದು ಒಣ ಚರ್ಮಕ್ಕೆ ಒಳ್ಳೆಯದಲ್ಲ. ಕೊಳವೆಬಾವಿಯ ಗಡಸು ನೀರಿರುವ ಊರುಗಳಲ್ಲಿ ಸೋಪು ಸರಿಯಾಗಿ ಹೋಗದೆ ಮೈಮೇಲೇ ಉಳಿಯುತ್ತದೆ, ಅಲ್ಲಿ ಇನ್ನೂ ಕಡಿಮೆ ಬಳಸಿ.

ಟವೆಲ್‌ನಿಂದ ಉಜ್ಜದೆ ಒತ್ತಿ ಒರೆಸಿ, ಮೈ ತುಸು ಹಸಿಯಿರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಬಚ್ಚಲಲ್ಲೇ ಡಬ್ಬಿ ಇಟ್ಟುಕೊಂಡರೆ ಮರೆಯುವುದಿಲ್ಲ. ಮೈಯ ಹೆಚ್ಚು ಭಾಗಕ್ಕೆ ಎಕ್ಸಿಮಾ ಇರುವ ವಯಸ್ಕರಿಗೆ ವಾರಕ್ಕೆ 250 ಗ್ರಾಂನಷ್ಟಾದರೂ ಬೇಕಾಗುತ್ತದೆ. ತಿಂಗಳಿಗೊಂದು ಪುಟ್ಟ ಬಾಟಲಿ ಮುಗಿಸುವವರು ‘ಹಚ್ಚಿದರೂ ಪ್ರಯೋಜನವಿಲ್ಲ’ ಎನ್ನುವುದು ಈ ಕಾರಣಕ್ಕೇ. ದುಬಾರಿ ಬ್ರಾಂಡ್ ಬೇಕಿಲ್ಲ. ಬಿಳಿ ಪೆಟ್ರೋಲಿಯಂ ಜೆಲ್ಲಿ ಅಥವಾ ಸುವಾಸನೆಯಿಲ್ಲದ ಗಟ್ಟಿ ಕ್ರೀಮ್ ಸಾಕು. ಕೊಬ್ಬರಿ ಎಣ್ಣೆ ಅನೇಕರಿಗೆ ಒಗ್ಗುತ್ತದೆ; ಸಾಸಿವೆ ಎಣ್ಣೆ ಮತ್ತು ಆಲಿವ್ ಎಣ್ಣೆ ಚರ್ಮದ ಮೇಲ್ಪದರವನ್ನು ಕೆಡಿಸುತ್ತವೆ.

ವೈದ್ಯರು ಸ್ಟೀರಾಯ್ಡ್ ಮುಲಾಮು ಬರೆದುಕೊಟ್ಟರೆ ಹೆದರಬೇಡಿ, ಲೆಕ್ಕದಲ್ಲಿ ಬಳಸಿ. ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದಷ್ಟು ಮುಲಾಮು ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ಎರಡು ಅಂಗೈ ಅಗಲದ ಜಾಗಕ್ಕೆ ಅದು ಸಾಕು. ಮುಖಕ್ಕೆ, ಕಣ್ಣುರೆಪ್ಪೆಗೆ ಕಾಲಿನ ಮುಲಾಮು ಹಚ್ಚಬೇಡಿ. ಔಷಧಿ ಅಂಗಡಿಯಲ್ಲಿ ‘ತುರಿಕೆಗೆ ಒಂದು ಟ್ಯೂಬ್ ಕೊಡಿ’ ಎಂದರೆ ಸಿಗುವ, ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯಾಟಿಕ್ ಮೂರನ್ನೂ ಬೆರೆಸಿದ ಕ್ರೀಮ್‌ಗಳು ನಮ್ಮ ದೇಶದ ಚರ್ಮಗಳಿಗೆ ಮಾಡಿರುವ ಹಾನಿ ಅಷ್ಟಿಷ್ಟಲ್ಲ. ಹುಳುಕಡ್ಡಿಯ ಚಹರೆಯನ್ನೇ ಅವು ಬದಲಿಸಿಬಿಡುತ್ತವೆ. ಇವುಗಳ ದುರ್ಬಳಕೆಯ ವಿರುದ್ಧ ಚರ್ಮವೈದ್ಯರು ಹೋರಾಡಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಬಿಗಿಗೊಳಿಸಿತು. ಕೊಳ್ಳುವ ನಾವೂ ಚೀಟಿಯಿಲ್ಲದೆ ಕೇಳಬಾರದು.

ಊಟದ ಬಗ್ಗೆ ಒಂದೆರಡು ಮಾತು. ಬದನೆಕಾಯಿ ನಂಜು, ಮೀನು ನಂಜು, ಕಡಲೆಕಾಯಿ ನಂಜು ಎಂದು ಎಕ್ಸಿಮಾಕ್ಕೆ ಒಂದಿಷ್ಟು ಬಿಡಿಸುತ್ತಾರೆ. ಎಲೆಕೋಸು, ಹೂಕೋಸು, ಸೋಯಾ ಥೈರಾಯ್ಡ್‌ಗೆ ಆಗದು ಎಂದು ಇನ್ನೊಂದಿಷ್ಟು. ಎರಡೂ ಪಥ್ಯ ಸೇರಿದರೆ ತಟ್ಟೆಯಲ್ಲಿ ಉಳಿಯುವುದು ಅನ್ನ ತಿಳಿಸಾರು. ದೊಡ್ಡವರ ಎಕ್ಸಿಮಾಕ್ಕೆ ಆಹಾರ ಕಾರಣವಾಗುವುದು ಕಡಿಮೆ, ಬೇಯಿಸಿದ ಎಲೆಕೋಸನ್ನು ಸಾಮಾನ್ಯ ಪ್ರಮಾಣದಲ್ಲಿ ತಿಂದರೆ ಥೈರಾಯ್ಡ್‌ಗೆ ತೊಂದರೆಯಿಲ್ಲ. ಒಂದು ನಿರ್ದಿಷ್ಟ ಪದಾರ್ಥ ತಿಂದಾಗಲೆಲ್ಲ ತುರಿಕೆ ಏರುವುದನ್ನು ನೀವೇ ಕಂಡಿದ್ದರೆ ಅದೊಂದನ್ನು ಬಿಡಿ. ಸಿಕ್ಕಸಿಕ್ಕದ್ದನ್ನೆಲ್ಲ ಬಿಟ್ಟು ಕಬ್ಬಿಣ, ಪ್ರೋಟೀನು ಕೊರತೆಯಾದರೆ ಅದರಿಂದಲೇ ಕೂದಲು ಉದುರುತ್ತದೆ, ನವೆಯೂ ಬರುತ್ತದೆ. ಅಯೋಡಿನ್ ಉಪ್ಪನ್ನು ಬಿಡುವುದೂ ಬೇಡ, ಅಯೋಡಿನ್ ಮಾತ್ರೆ ನುಂಗುವುದೂ ಬೇಡ.

ಏಳನೆಯ ಹೆಜ್ಜೆ: ಬದಲಾವಣೆಯನ್ನು ಅಂಕಿಯಲ್ಲಿ ಹಿಡಿದಿಡಿ

ಥೈರಾಯ್ಡ್ ಮಾತ್ರೆಯಿಂದ ಚರ್ಮಕ್ಕೆ ಅನುಕೂಲವಾಯಿತೇ ಎಂಬುದನ್ನು ನೆನಪಿನ ಮೇಲೆ ಹೇಳಲಾಗದು, ತುರಿಕೆ ಇರುವ ದಿನ ಎಲ್ಲವೂ ಕೆಟ್ಟದಾಗಿಯೇ ಕಾಣುತ್ತದೆ. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ರೂಪಿಸಿದ ‘ಪೋಯೆಮ್’ ಎಂಬ ಅಳತೆ ಮನೆಯಲ್ಲೇ ಮಾಡಿಕೊಳ್ಳುವಷ್ಟು ಸುಲಭ. ಕಳೆದ ಏಳು ದಿನಗಳಲ್ಲಿ ಎಷ್ಟು ದಿನ ತುರಿಕೆ ಇತ್ತು, ನಿದ್ದೆ ಕೆಟ್ಟಿತು, ರಕ್ತ ಬಂತು, ನೀರು ಸೋರಿತು, ಚರ್ಮ ಬಿರಿಯಿತು, ಹೊಪ್ಪಳೆ ಎದ್ದಿತು, ಒಣಗಿತ್ತು ಎಂಬ ಏಳು ಪ್ರಶ್ನೆಗಳು. ಒಂದು ದಿನವೂ ಇಲ್ಲದಿದ್ದರೆ 0, ಒಂದೆರಡು ದಿನಕ್ಕೆ 1, ಮೂರ್ನಾಲ್ಕಕ್ಕೆ 2, ಐದಾರಕ್ಕೆ 3, ಪ್ರತಿದಿನವಾದರೆ 4. ಒಟ್ಟು 28ಕ್ಕೆ. ಏಳರೊಳಗಿದ್ದರೆ ಸೌಮ್ಯ, 8ರಿಂದ 16 ಮಧ್ಯಮ, 17 ಮತ್ತು ಅದಕ್ಕೂ ಮೇಲಾದರೆ ತೀವ್ರ.

ಭಾನುವಾರಕ್ಕೊಮ್ಮೆ ಒಂದು ಸಾಲು ಬರೆದರಾಯಿತು: ‘ಅಂಕ 15. ಕಣಕಾಲು ಬಿರುಕು ಕಡಿಮೆ. ಕೈ ಹಾಗೇ ಇದೆ. ಎರಡು ದಿನ ಮಾತ್ರೆ ತಪ್ಪಿತು. ಹೊಸ ಡಿಟರ್ಜೆಂಟ್.’ ಅದೇ ಕಿಟಕಿಯ ಬಳಿ, ಅದೇ ದೂರದಿಂದ ಮೊಬೈಲಿನಲ್ಲಿ ಒಂದು ಫೋಟೊ. ಅಂಕ ನಾಲ್ಕಾದರೂ ಇಳಿದರೆ ನಿಜವಾದ ಸುಧಾರಣೆ ಎನ್ನಬಹುದು. ಟಿಎಸ್‌ಎಚ್ ಸರಿಯಾಗಿ ಮೂರು ತಿಂಗಳಾದರೂ ಅಂಕ ಕದಲದಿದ್ದರೆ ಥೈರಾಯ್ಡ್ ಮೇಲಿನ ಶಂಕೆಯನ್ನು ಕೈಬಿಟ್ಟು, ಈ ಪುಟಗಳನ್ನು ಚರ್ಮವೈದ್ಯರಿಗೆ ತೋರಿಸಿ ಚಿಕಿತ್ಸೆ ಬದಲಿಸಲು ಕೇಳಿ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದಾಗ

ಎಕ್ಸಿಮಾದ ಜಾಗದಲ್ಲಿ ಒಂದೇ ಅಳತೆಯ ನೋವಿನ ಗುಳ್ಳೆಗಳು ಗುಂಪಾಗಿ ಎದ್ದು ಜ್ವರ ಬಂದರೆ ಅದು ಹರ್ಪಿಸ್ ಸೋಂಕು ಇರಬಹುದು. ಅದೇ ದಿನ ತೋರಿಸಿ, ಕಣ್ಣಿನ ಹತ್ತಿರವಾದರೆ ಇನ್ನೂ ತುರ್ತು. ಮೈಯೆಲ್ಲ ಕೆಂಪೇರಿ ಸಿಪ್ಪೆ ಸುಲಿದು ನಡುಕ ಬಂದರೂ ಹಾಗೆಯೇ. ಕಾರ್ಬಿಮಜೋಲ್ ತೆಗೆದುಕೊಳ್ಳುವವರಿಗೆ ಜ್ವರ, ಗಂಟಲು ನೋವು, ಬಾಯಿಹುಣ್ಣು ಬಂದರೆ ಮಾತ್ರೆ ನಿಲ್ಲಿಸಿ, ಅಂದೇ ಬಿಳಿ ರಕ್ತಕಣದ ಪರೀಕ್ಷೆ ಮಾಡಿಸಬೇಕು. ಥೈರಾಯ್ಡ್ ಕೊರತೆಯಿರುವ ಹಿರಿಯರು ಮೈ ತಣ್ಣಗಾಗಿ, ಕರೆದರೆ ಓಗೊಡದಷ್ಟು ಮಂಪರಿಗೆ ಜಾರಿದರೆ ‘ನಿದ್ದೆ ಮಾಡಲಿ’ ಎಂದು ಬಿಡದೆ 108ಕ್ಕೆ ಕರೆಮಾಡಿ. ಬಹುಕಾಲ ಸ್ಟೀರಾಯ್ಡ್ ನುಂಗಿ ಹಠಾತ್ತನೆ ಬಿಟ್ಟವರಿಗೆ ವಾಂತಿ, ತಲೆಸುತ್ತು, ಮೂರ್ಛೆ ಬಂದರೆ, ಸ್ಟೀರಾಯ್ಡ್ ಬಿಟ್ಟಿರುವ ವಿಷಯವನ್ನು ಆಸ್ಪತ್ರೆಯಲ್ಲಿ ಮೊದಲ ಮಾತಿಗೇ ಹೇಳಿ.